ತಳ ನೋಡುವ ಭಾವ

ಬಟ್ಟೆ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನಾದ್ದರಿಂದ, ಮನುಷ್ಯರನ್ನು ಕಂಡರೂ ಮೊದಲು ಅಂಚು ಹಿಡಿದು, ಬೆರಳ ತುದಿಯಲ್ಲಿ ನೇಯ್ಗೆಯನ್ನು ಉಜ್ಜಿ ನೋಡುವ ದುರಭ್ಯಾಸ ನನಗಿದೆ. ಆ ಕಣ್ಣಿನಿಂದ ನೋಡಿದರೆ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಅಗಲ ಕಡಿಮೆ, ಉದ್ದ ಧಾರಾಳ; ಒಗೆದರೆ ಕುಗ್ಗದ, ಬಿಸಿಲಿಗೆ ಬಣ್ಣ ಬಿಡದ, ಎಳೆದರೆ ಹರಿಯದ ಗಟ್ಟಿ ಮಾಲು. ದೋಷ ಒಂದೇ: ಯಾವುದು ಎದುರುಮೈ, ಯಾವುದು ಹಿಂಬದಿ ಎಂದು ಹೇಳಲಾಗದ ಬಟ್ಟೆ ಅದು. ಇಂಥದ್ದನ್ನು ಗಿರಾಕಿಯ ಮುಂದೆ ಬಿಚ್ಚಿದರೆ ಅವನು ಆ ಕಡೆ ಈ ಕಡೆ ತಿರುವಿ, ತಾನೂ ಗೊಂದಲಕ್ಕೆ ಬಿದ್ದು, ನಮ್ಮನ್ನೂ ಬೀಳಿಸಿ, ಮತ್ತೆ ಬರುತ್ತೇನೆಂದು ಎದ್ದುಹೋಗುತ್ತಾನೆ. ಆದ್ದರಿಂದ ಭಾವನನ್ನು ನಾನು ಬಹುಕಾಲ ಮನಸ್ಸಿನ ಮೇಲಟ್ಟದಲ್ಲಿ, ಒಳ್ಳೆಯದೇ ಆದರೂ ಬಿಕರಿಯಾಗದ ಸರಕಿನ ಸಾಲಿನಲ್ಲಿ ಇಟ್ಟಿದ್ದೆ.

ವಸ್ತು ಯಾವುದೇ ಇರಲಿ, ಭಾವ ಮೊದಲು ನೋಡುವುದು ಅದರ ತಳ. ಕುರ್ಚಿ ಕೊಟ್ಟರೆ ಮಗುಚಿ ನೋಡಿಯೇ ಕೂರುವರು. ಹೊಸ ಚಪ್ಪಲಿ ತೊಟ್ಟು ಬಂದವನ ಕಾಲನ್ನು ಕುದುರೆಯ ಕಾಲಿನಂತೆ ಎತ್ತಿ ನೋಡಿದ್ದುಂಟು. ನನ್ನ ಮಗಳ ಬೀಗರ ಮನೆಗೆ ಮೊದಲ ಸಲ ಹೋದಾಗ, ಅವರು ಅಭಿಮಾನದಿಂದ ತೋರಿಸಿದ ಹೂದಾನಿಯನ್ನು ಎರಡೂ ಕೈಯಿಂದ ಎತ್ತಿ, ತಲೆಕೆಳಗು ಮಾಡಿ, ಒಳಗಿದ್ದ ನೀರನ್ನು ಬೀಗರ ಪಾದದ ಮೇಲೆ ಸಾಂಗೋಪಾಂಗವಾಗಿ ಸುರಿದು, "ತಳ ಬಹಳ ಚೆನ್ನಾಗಿದೆ" ಎಂದು ಪ್ರಶಂಸೆ ಮಾಡಿದ ಮಹಾನುಭಾವರು. ನಡಿಗೆಯೂ ಅದೇ ಜಾತಿಯದು. ಒಂದಿಷ್ಟು ದೂರ ನಡೆದು, ನಿಂತು, ಹಿಂದಿರುಗಿ, ಬಂದದ್ದು ಈ ಬೀದಿಯಿಂದಲೇ ಹೌದೇ ಎಂದು ಬೀದಿಯನ್ನೇ ವಿಚಾರಿಸುವಂತೆ ನೋಡಿ, ಮತ್ತೆ ಹೊರಡುವರು. ಮೈಮೇಲೆ ಯಾವ ಕಾಲದಲ್ಲೂ ಒಂದು ಕಂದು ಕೋಟು. ಅದರ ಜೇಬುಗಳ ತುಂಬ ಕಣ್ಣುಗಳು. ಬೊಂಬೆಗಳಿಗೆ ಹೊಲಿಯುವ ಗಾಜಿನ ಕಣ್ಣುಗಳು. ಚಿಲ್ಲರೆಗೆಂದು ಕೈ ಹಾಕಿ ಬಸ್ಸಿನಲ್ಲಿ ಕಂಡಕ್ಟರನ ಅಂಗೈಗೆ ಒಂದು ಹಿಡಿ ಕಣ್ಣುಗಳನ್ನು ಸುರಿದ ಮೇಲೆ, ಅಕ್ಕ ಆ ಕೋಟನ್ನು ತೊಟ್ಟು ಹೊರಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ಅಪ್ಪಣೆಯನ್ನು ಭಾವ ಶಿರಸಾವಹಿಸಿದರು, ಕೋಟು ತೊಟ್ಟುಕೊಂಡೇ.

ಮಾತು ಕಡಿಮೆ. ಇದ್ದದ್ದರಲ್ಲಿ ಹೆಚ್ಚಿನ ಪಾಲು ಒಂದೇ ವಾಕ್ಯ: "ಗೊತ್ತಾಗ್ತಿಲ್ಲ ಕಣಯ್ಯ." ಇದನ್ನು ನಾವು ನೀವು ಹೇಳುವಂತೆ ನಾಚಿಕೆಯಿಂದಲೋ ಬೇಸರದಿಂದಲೋ ಹೇಳುವುದಲ್ಲ; ಮನೆಗೆ ಯಾರೋ ಬೇಕಾದವರು ಬಂದಿದ್ದಾರೆ, ಒಳಗೆ ಕೂತಿದ್ದಾರೆ ಎಂಬ ಸುದ್ದಿಯನ್ನು ಹೇಳುವ ಧಾಟಿಯಲ್ಲಿ ಹೇಳುವರು.

ಕಸುಬು, ಬಟ್ಟೆಯ ಬೊಂಬೆ ಮಾಡುವುದು. ಮನೆಯ ಮುಂಗೋಣೆಯೇ ಕಾರ್ಯಾಗಾರ. ಬೀದಿಗೆ ತೆರೆದ ಕಿಟಕಿ, ಅದರಡಿಯಲ್ಲಿ ಉದ್ದನೆಯ ಮೇಜು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕತ್ತರಿಗಳು, ಮೂಲೆಯಲ್ಲಿ ಗೋಣಿಗಟ್ಟಲೆ ಹತ್ತಿ, ಎಲ್ಲದರ ಮೇಲೂ ಸಣ್ಣನೆಯ ನೂಲಿನ ಧೂಳು. ಆನೆ, ಕರಡಿ, ಮೊಲ ಎಲ್ಲವನ್ನೂ ಮಾಡಿದವರೇ. ಆದರೆ ಬೀದಿಯವರು ಅವರನ್ನು ಕರೆಯುವುದು ಕಪ್ಪೆಯಣ್ಣ ಎಂದು. ಅವರ ಕಪ್ಪೆ ಕೂರುತ್ತದೆ. ಅಂಗೈಯಗಲದ ಹಸಿರು ಕಪ್ಪೆ, ಮಡಿಚಿದ ಕಾಲು, ಬೆಳ್ಳನೆಯ ಹೊಟ್ಟೆ. ಎತ್ತಿ ಎಸೆದರೆ ಗಾಳಿಯಲ್ಲಿ ಹೇಗೆ ಹೇಗೋ ತಿರುಗಿ, ನೆಲಕ್ಕೆ ಬಂದಾಗ ಮಾತ್ರ ಅಂಡೂರಿ ಕೂತು, ಎಸೆದವರ ಮುಖವನ್ನು ನೋಡುತ್ತದೆ. ರಹಸ್ಯವೇನೂ ಇಲ್ಲ. ತೊಳೆದು ಒಣಗಿಸಿದ ಮರಳನ್ನು ಸಣ್ಣ ಚೀಲದಲ್ಲಿ ಕಟ್ಟಿ ತಳದಲ್ಲಿ ಇಡುತ್ತಾರೆ. ಹತ್ತಿ ತುಂಬಲು ಬಿಟ್ಟ ಬಾಯಿಯನ್ನು ಅದೇ ತಳದಲ್ಲಿ ಹೊಲಿದು ಮುಚ್ಚಿ, ಕೊನೆಗೆ ಕೆಂಪು ದಾರದಲ್ಲಿ ಒಂದು ಪುಟ್ಟ ಗುಣಾಕಾರದ ಗುರುತು ಹಾಕುತ್ತಾರೆ. ಮುಗಿದ ಕಪ್ಪೆಯನ್ನು ತಾವೇ ಒಮ್ಮೆ ಮೇಲೆಸೆದು, ಅದು ಮೇಜಿನ ಮೇಲೆ ಕೂತಿತೆಂದರೆ ಕಪಾಟಿಗೆ. ಕೂರದಿದ್ದರೆ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ.

ಇತ್ತೀಚೆಗೆ ಭಾವನಿಗೆ ಕಣ್ಣು ಮಂಜಾಗಿತ್ತು. ಜೇಬಿನ ತುಂಬ ಕಣ್ಣಿಟ್ಟುಕೊಂಡವರಿಗೆ ಸೂಜಿಯ ಕಣ್ಣು ಕಾಣದು ಎಂದು ನಾನು ಹಾಸ್ಯ ಮಾಡಿದ್ದೂ ಉಂಟು. ಅಕ್ಕನಿಗೆ ಅದು ಹಾಸ್ಯವಾಗಿರಲಿಲ್ಲ. ಬೆರಳೆಲ್ಲ ಚುಚ್ಚಿಕೊಂಡು ಬಿಳಿಯ ಹೊಟ್ಟೆಯ ಮೇಲೆ ರಕ್ತದ ಚುಕ್ಕೆ ಬೀಳುವುದನ್ನು ನೋಡಿ ನೋಡಿ, ಇನ್ನು ಸಾಕು ಮಾಡಬೇಕೆಂದು ಹಟ ಹಿಡಿದು, ಮುಂದೆ ಹೊಸ ಬೊಂಬೆಗೆ ಕೈ ಹಾಕುವುದಿಲ್ಲವೆಂದು ಭಾವನ ಬಾಯಿಂದ ಮಾತು ತೆಗೆದುಕೊಂಡಿದ್ದಳು.

ಆ ಮಾತಿನ ಬಿಸಿ ಆರುವ ಮೊದಲೇ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಗಿಡ್ಡವಾಗಿ ಕತ್ತರಿಸಿದ ಕೂದಲು, ನೇರ ಬೆನ್ನು, ಕಂಕುಳಲ್ಲಿ ಕಾಗದದ ಪೊಟ್ಟಣ. ನಾನೂ ಅಲ್ಲೇ ಇದ್ದೆ, ಮಿಕ್ಕಿದ್ದ ಬಟ್ಟೆಯನ್ನು ವಾಪಸು ಒಯ್ಯಲು. ಪೊಟ್ಟಣ ಬಿಚ್ಚಿದರೆ ಒಂದು ಮುದಿ ಕಪ್ಪೆ: ಬಣ್ಣ ಹೋಗಿದೆ, ಒಂದು ಕಣ್ಣಿಲ್ಲ, ಹೊಟ್ಟೆ ಬೋಳಾಗಿದೆ. ಭಾವ ನಮಸ್ಕಾರವನ್ನೂ ಹೇಳದೆ ಅದನ್ನು ತೆಗೆದುಕೊಂಡು ಮಗುಚಿ ತಳ ನೋಡಿದರು.

"ಅಲ್ಲೇನು ನೋಡ್ತೀರಿ?" ಎಂದಳು ಅವಳು.

"ನಾನಿದೀನಾ ಅಂತ ನೋಡ್ದೆ ಕಣಮ್ಮ. ಇದೀನಿ." ಕೆಂಪು ಗುರುತು ಮಾಸಿದ್ದರೂ ಇತ್ತು.

ಅವಳು ಬಾಹ್ಯಾಕಾಶಕ್ಕೆ ಹೋಗುವವಳಂತೆ. ಎಷ್ಟು ಸಹಜವಾಗಿ ಹೇಳಿದಳೆಂದರೆ, ಪಕ್ಕದ ಪೇಟೆಗೆ ಹೋಗಿಬರುತ್ತೇನೆ, ಏನಾದರೂ ತರಬೇಕೇ ಎಂಬಂತೆ. ನೌಕೆ ಮೇಲೇರುವಾಗ ಒಳಗಿದ್ದವರೆಲ್ಲ ತಮ್ಮ ಆಸನಗಳಿಗೆ ಅದುಮಿಹೋಗಿರುತ್ತಾರೆ. ಕಣ್ಣೆದುರು ದಾರದಲ್ಲಿ ಒಂದು ಪುಟ್ಟ ಬೊಂಬೆಯನ್ನು ತೂಗುಹಾಕಿರುತ್ತಾರೆ. ಎಂಜಿನ್ ನಿಂತ ಕ್ಷಣ ಭಾರವೆಂಬುದು ಮಾಯವಾಗಿ, ದಾರ ಸಡಿಲಗೊಂಡು ಬೊಂಬೆ ತೇಲುತ್ತದೆ. ಅದನ್ನು ನೋಡಿ, ಬಂದು ಮುಟ್ಟಿದೆವು ಎಂದು ತಿಳಿದುಕೊಳ್ಳುತ್ತಾರೆ. ಇಷ್ಟು ವಿವರಿಸಿದಳು.

ವ್ಯಾಪಾರಿಯ ಬುದ್ಧಿ, ಕೇಳದೆ ಬಿಡಲಾರದು. "ಅದನ್ನ ಹೇಳೋಕೆ ಮಿಷನ್ನುಗಳಿರಲ್ವೇನಮ್ಮ?"

"ಇರ್ತವೆ. ಅವು ಹೇಳಿದ್ದನ್ನ ತಲೆ ಒಪ್ಪುತ್ತೆ. ಆದ್ರೆ ಈ ಕಪ್ಪೆ ನೋಡಿ, ಚಿಕ್ಕವಳಿದ್ದಾಗ ಮಂಚದಿಂದ ಎಸೆದಿದೀನಿ, ಮೆಟ್ಟಿಲಿಂದ ಎಸೆದಿದೀನಿ, ಒಂದ್ಸಲ ಮಹಡಿಯಿಂದ್ಲೂ ಎಸೆದಿದೀನಿ. ಎಲ್ಲೆಸೆದ್ರೂ ಕೂತ್ಕೊಂಡು ನನ್ನೇ ನೋಡೋದು. ಇದು ತೇಲಿದ್ರೆ ನಾನು ನಂಬ್ತೀನಿ." ಅವಳು ನಕ್ಕಳು. "ಈ ಮುದುಕನಿಗೆ ಪ್ರವೇಶ ಇಲ್ವಂತೆ. ಹೊಸದೊಂದು ಮಾಡಿಕೊಡ್ತೀರಾ?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಆ ಹೆಣ್ಣಿನ ಮುಖ ನೋಡುತ್ತಿದ್ದಳು.

"ಅಲ್ಲಿ ನಿದ್ದೆ ಹೇಗಮ್ಮ ಮಾಡ್ತೀರಿ?" ಎಂದಳು ಅಕ್ಕ.

"ಚೀಲದೊಳಗೆ ಹೊಕ್ಕು, ಚೀಲಾನ ಗೋಡೆಗೆ ಕಟ್ಕೋತೀವಿ."

"ನಿಮ್ಮಮ್ಮನಿಗೆ ಇದೆಲ್ಲ ಹೇಳಿದೀಯಾ?"

"ಸ್ವಲ್ಪ ಸ್ವಲ್ಪ ಹೇಳ್ತಿದೀನಿ."

ಅಕ್ಕ ನಿಟ್ಟುಸಿರಿಟ್ಟು ಭಾವನ ಕಡೆ ತಿರುಗಿ, "ಇದೊಂದು ಮಾಡಿ. ಇದೇ ಕೊನೇದು" ಎಂದಳು.

ಕೊನೆಯದು ಎಂಬ ಶಬ್ದ ಭಾವನನ್ನು ತಟ್ಟಿದ್ದು ನನಗೆ ಕಂಡಿತು. ಕೊನೆಯ ಕಪ್ಪೆ ಕೂರಬೇಕಾದದ್ದು ಕೂರಲು ಜಾಗವೇ ಇಲ್ಲದ ಕಡೆ. ಅದು ಕೆಟ್ಟರೆ ಸರಿಪಡಿಸಲು ಮುಂದೆ ಇನ್ನೊಂದು ಕಪ್ಪೆ ಇರುವುದಿಲ್ಲ.

ಮುಂದಿನ ವಾರ ನೌಕೆಯ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಬಂದರು. ಸಣಕಲು ಮನುಷ್ಯ, ಮೃದು ಮಾತು, ಕೈಯಲ್ಲಿ ಭೂತಗನ್ನಡಿ. ಕೋಣೆಯ ನೂಲುಧೂಳನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ಬಟ್ಟೆಯ ಎಳೆ ಉದುರಬಾರದು, ಬೆಂಕಿ ತಾಗಿದರೆ ಹೊತ್ತಿಕೊಳ್ಳಬಾರದು, ಗಾಜಿನ ಕಣ್ಣು ಕೂಡದು, ದಾರದಲ್ಲಿ ಹೊಲಿದ ಕಣ್ಣಾದರೆ ಆಗಬಹುದು. ಎಲ್ಲಕ್ಕೂ ಭಾವ ತಲೆಯಾಡಿಸಿದರು. "ಮತ್ತೆ, ಮರಳು ಬೇಡ" ಎಂದಾಗ ತಲೆ ನಿಂತುಬಿಟ್ಟಿತು.

"ಮರಳಿಲ್ದೆ ಹೇಗೆ ಸ್ವಾಮಿ ಕೂರುತ್ತೆ?"

"ಕೂರೋದು ಬೇಡ ಅಲ್ವಾ ನಮಗೆ. ಹೊಲಿಗೆ ಬಿಟ್ರೆ ಮರಳೆಲ್ಲ ಗಾಳೀಲಿ ತೇಲುತ್ತೆ. ಅವರ ಕಣ್ಣಿಗೆ ಹೋಗುತ್ತೆ, ಮೂಗಿಗೆ ಹೋಗುತ್ತೆ."

"ನನ್ನ ಹೊಲಿಗೆ ಬಿಡಲ್ಲ."

"ಬಿಡಲ್ಲ ಅಂತ ನನಗೂ ಅನ್ಸುತ್ತೆ. ಆದ್ರೆ ಬಿಟ್ರೆ?"

ಭಾವ ಬೇರೆ ದಾರಿ ಹಿಡಿದರು. "ಮರಳು ಬಿಡಿ. ಹತ್ತೀನೇ ಕೆಳಗಡೆ ಒತ್ತಿ ತುಂಬಿದ್ರೆ?"

"ಅಲ್ಲಿ ಕೆಳಗಡೆ ಅನ್ನೋದೇ ಇರಲ್ಲ."

"ಮೇಲ್ಗಡೆ?"

"ಅದೂ ಇರಲ್ಲ."

ಭಾವ ನನ್ನ ಕಡೆ ತಿರುಗಿದರು. "ಕೆಳಗಡೆ ಇಲ್ಲ ಅಂದ್ರೆ ಒಪ್ಕೋಬಹುದು ಕಣಯ್ಯ. ಮೇಲ್ಗಡೇನೂ ಇಲ್ಲ ಅಂದ್ರೆ ಇವರೆಲ್ಲ ಹೋಗ್ತಿರೋದೆಲ್ಲಿಗೆ?"

ಅಧಿಕಾರಿ ಬಾಯಿ ತೆರೆದು, ಏನೋ ಹೇಳಹೊರಟು, ತಮ್ಮ ಭೂತಗನ್ನಡಿಯನ್ನು ಒರೆಸತೊಡಗಿದರು. ಹೋಗುವಾಗ, ಒಪ್ಪಿತವಾದ ಕಪ್ಪೆ ಹೇಳಿದ ದಿನಕ್ಕೆ ಸಿದ್ಧವಾಗದಿದ್ದರೆ ಪೇಟೆಯಿಂದ ತಂದ ಒಂದು ಸ್ಪಂಜಿನ ಚೆಂಡನ್ನು ದಾರಕ್ಕೆ ಕಟ್ಟುವುದೆಂದು ಮೆಲ್ಲಗೆ, ನೋಯಿಸಲು ಇಷ್ಟವಿಲ್ಲದವರಂತೆ ತಿಳಿಸಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನೆಲೆಸಿದ್ದನ್ನು ಗೊಂದಲ ಎಂದರೆ ಸಾಲದು. ಅದು ಬಾಡಿಗೆಗೆ ಬಂದವನು ಮನೆಯ ಯಜಮಾನನಾದಂತೆ ಎಲ್ಲ ಕೋಣೆಗಳಲ್ಲೂ ಕಾಲು ಚಾಚಿಕೊಂಡಿತು. ಬಟ್ಟೆ ಒದಗಿಸುವುದು ನನ್ನ ಪಾಲಿಗೆ ಬಂತು. ಎಳೆ ಉದುರದ ಹಸಿರು ಬಟ್ಟೆ ಹೊತ್ತಿಕೊಳ್ಳುತ್ತಿತ್ತು; ಹೊತ್ತಿಕೊಳ್ಳದ ಬಟ್ಟೆ ಹಸಿರಿನಲ್ಲಿ ಸಿಗುತ್ತಿರಲಿಲ್ಲ; ಎರಡೂ ಗುಣವಿದ್ದ ಒಂದು ತುಂಡು ಕೊನೆಗೆ ಸಿಕ್ಕಿದಾಗ ಅದನ್ನು ಮುಟ್ಟಿದರೆ ಹಲ್ಲಿಯನ್ನು ಮುಟ್ಟಿದಂತಾಗುತ್ತಿತ್ತು. ಅಂಗಡಿಯ ಹಿಂದಿನ ಅಂಗಳದಲ್ಲಿ ನಾನು ನನ್ನದೇ ಸರಕಿಗೆ ಬೆಂಕಿಕಡ್ಡಿ ಗೀರುತ್ತಾ ಕೂತಿರುವುದನ್ನು ಕಂಡು ಪಕ್ಕದಂಗಡಿಯವನು ವಿಮೆ ಮಾಡಿಸಿದ್ದೀರಾ ಎಂದು ವಿಚಾರಿಸಿದ. ನಮ್ಮಲ್ಲಿಯ ಬಟ್ಟೆ ಅಂತರಿಕ್ಷಕ್ಕೆ ಹೋಗಿದೆ ಎಂಬ ಫಲಕ ಬರೆಸುವ ಆಸೆ ನನಗಿತ್ತು. ಅಂಥದ್ದೇನೂ ಹಾಕುವಂತಿಲ್ಲ ಎಂದು ಅಧಿಕಾರಿ ಅದನ್ನೂ ಮೃದುವಾಗಿಯೇ ಹೊಸಕಿಹಾಕಿದರು.

ಭಾವ ಕಪ್ಪೆಯ ಮೇಲೆ ಕಪ್ಪೆ ಮಾಡಿದರು. ಮರಳಿಲ್ಲದ ಕಪ್ಪೆಯನ್ನು ಮೇಲೆಸೆದರೆ ಅದು ಮುಖ ಅಡಿಯಾಗಿ ಬೀಳುತ್ತಿತ್ತು. ಬಿದ್ದ ಕೂಡಲೇ ಭಾವ ಅದರ ಹೊಲಿಗೆ ಬಿಚ್ಚುತ್ತಿದ್ದರು. ಎಸೆಯುವುದೇ ಬೇಡ ಎಂದು ನಾನೂ ಅಕ್ಕನೂ ಬಿಡಿಸಿ ಹೇಳಿದರೂ, "ಹೌದಲ್ವಾ" ಎಂದು ಒಪ್ಪಿಕೊಂಡು, ಒಪ್ಪಿಕೊಳ್ಳುತ್ತಿರುವಾಗಲೇ ಎಸೆಯುವರು. ಒಂದನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ದಾರದಿಂದ ತೂಗುಹಾಕಿ, ಅದರೆದುರು ಕುರ್ಚಿ ಹಾಕಿಕೊಂಡು, ಅದು ತೇಲುವುದನ್ನು ಕಾಯುವವರಂತೆ ಮಧ್ಯಾಹ್ನವಿಡೀ ಕೂತಿದ್ದರು. "ಏನು ಭಾವ, ಭಾರ ಹೋಯ್ತಾ?" ಎಂದೆ. "ಕಪ್ಪೇದು ಇಲ್ಲ ಕಣಯ್ಯ. ನನ್ನ ತಲೇದು ಸ್ವಲ್ಪ ಹೋದಂಗಿದೆ."

ಕೊನೆಗೊಂದು ದಿನ, ಹೇಗೋ, ಒಂದು ಕಪ್ಪೆ ಮೇಲೆಸೆದಾಗ ಕೂತಿತು. ಭಾವನ ಮುಖ ಅರಳಿತು. ಅಧಿಕಾರಿಗೆ ಹೇಳಿಕಳಿಸಿದೆವು. ಅವರು ಬಂದು, ಭೂತಗನ್ನಡಿ ಹಿಡಿದು ಕಾಲು, ಕಣ್ಣು, ಹೊಟ್ಟೆ ನೋಡಿ, ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದರು. ಸರಸರ ಎಂದಿತು.

ಎಲ್ಲರಿಗಿಂತ ಹೆಚ್ಚು ದಿಗ್ಭ್ರಮೆಗೊಂಡವರು ಭಾವನೇ. ಕಪ್ಪೆಯನ್ನು ತೆಗೆದುಕೊಂಡು ತಾವೂ ಅಲ್ಲಾಡಿಸಿ ಕೇಳಿದರು. ಮೋಸ ಮಾಡುವ ಮನುಷ್ಯನಲ್ಲ. ಮರಳು ಬೇಡವೆಂದು ತಲೆ ಒಪ್ಪಿಕೊಂಡಿತ್ತು, ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಬಾಯಿ ಮುಚ್ಚುವ ಮೊದಲು ಚೀಲವಿಡುವುದು ಆ ಕೈಗೆ ಉಸಿರಾಡುವುದಕ್ಕಿಂತ ಹಳೆಯ ಅಭ್ಯಾಸ.

"ಯಾರಿಟ್ರೋ ಗೊತ್ತಾಗ್ತಿಲ್ಲ" ಎಂದರು. ಮೊದಲ ಸಲ ಆ ಮಾತನ್ನು ಸಂಕಟದಿಂದ ಹೇಳಿದ್ದನ್ನು ಕೇಳಿದೆ.

ಅಧಿಕಾರಿ ಹೊತ್ತು ನೋಡಿಕೊಂಡು, ನಾಳೆ ಸಂಜೆಯವರೆಗೂ ಕಾಯಬಲ್ಲೆ, ಆಮೇಲೆ ತನ್ನ ಕೈಯಲ್ಲಿಲ್ಲ ಎಂದು ಹೇಳಿ ಹೋದರು. ಭಾವ ಕೋಟು ಕಳಚಿ ಗೂಟಕ್ಕೆ ಹಾಕಿ, ಮೇಜಿಗೆ ಬೆನ್ನು ಮಾಡಿ ಕೂತರು. "ಚೆಂಡೇ ಕಟ್ಕೊಳ್ಳಲಿ ಬಿಡು" ಎಂದರು. ಕೋಟಿಲ್ಲದ ಭಾವನನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಂಗಡಿಯ ಬಾಗಿಲು ಹಾಕಿದಂತೆ ಕಂಡರು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸತೊಡಗಿದೆ.

ಬಾಯಿ ಬಿಟ್ಟವಳು ಅಕ್ಕ. ಹೊಸಲಿನ ಮೇಲೆ ನಿಂತು, ಬೈಯುವ ದನಿಯಲ್ಲೇ ಶುರುಮಾಡಿದಳು. "ಅಲ್ಲಾರೀ, ಮರಳು ಯಾಕೆ ಇಡ್ತಿದ್ರಿ ಇಷ್ಟು ವರ್ಷ?"

"ಕೂರ್ಲಿ ಅಂತ."

"ಕೂತು ಅದಕ್ಕೇನಾಗ್ಬೇಕು? ಮಗು ಕೈಬಿಟ್ರೆ ಮುಖ ಅಡಿಯಾಗಿ ಬೀಳಬಾರ್ದು ಅಂತ ಅಲ್ವಾ? ಅಲ್ಲಿ ಯಾರು ಕೈಬಿಟ್ರೂ ಅದು ಬೀಳೋದೇ ಇಲ್ಲ. ಇನ್ನೇನು ಬೇಕು ನಿಮಗೆ?"

ಭಾವ ತಿರುಗಿದರು. "ಬೀಳೋದೇ ಇಲ್ವಾ?"

ಅಧಿಕಾರಿ ಇದೇ ಮಾತನ್ನು ಬಂದಾಗಲೆಲ್ಲ ಹೇಳಿದ್ದರು; ನಾನೂ ಹೇಳಿದ್ದೆ. ಭಾವ ಅದನ್ನು ಈಗ ಕೇಳಿಸಿಕೊಂಡರು.

"ಇಲ್ಲ."

"ಮತ್ತೆ ಅಲ್ಲಿ ಅದು ಏನ್ಮಾಡುತ್ತೆ?"

"ಸುಮ್ನಿರುತ್ತೆ. ನಿಮ್ಮ ಹಾಗೆ."

ಮರುದಿನ ಸಂಜೆಗೆ ಕಪ್ಪೆ ಸಿದ್ಧವಾಯಿತು. ಅಕ್ಕ ಮರಳಿನ ಡಬ್ಬಿಯನ್ನು ಪಕ್ಕದ ಮನೆಯಲ್ಲಿ ಇಟ್ಟುಬಂದಿದ್ದಳು. ಅಂಥ ಒರಟು ಬಟ್ಟೆಯಲ್ಲೂ ಒಳಗಿನ ಹತ್ತಿ ಎಲ್ಲ ಕಡೆಯೂ ಸಮನಾಗಿ ಮೆತ್ತಗಿತ್ತು. ಆದರೆ ತಳವನ್ನು ಭಾವ ಎಂದಿನಂತೆ ಚಪ್ಪಟೆಯಾಗಿಯೇ ಕತ್ತರಿಸಿದ್ದರು. ಕಾಲುಗಳನ್ನು ಮಡಿಚಿಯೇ ಹೊಲಿದಿದ್ದರು. ತುಂಬಿದ ಬಾಯಿಯನ್ನು ತಳದಲ್ಲೇ ಮುಚ್ಚಿ, ಮೇಲೆ ಕೆಂಪು ಗುರುತು ಹಾಕಿದ್ದರು. ನನ್ನೊಳಗಿನ ವ್ಯಾಪಾರಿ ತಡೆಯದಾದ. "ಭಾವ, ಅಲ್ಲಿ ಅದು ಹೇಗೆ ಬೇಕಾದ್ರೂ ತಿರುಗುತ್ತೆ. ಹೊಲಿದ ಬಾಯಿ ಲೋಕಕ್ಕೆಲ್ಲ ಕಾಣುತ್ತೆ. ಎಲ್ಲಾದ್ರೂ ಮರೆಯಾಗಿ ಇಡಬಾರದಿತ್ತಾ?"

"ಎಲ್ಲಾ ಕಡೆ ತಿರುಗುತ್ತೆ ಅಂದ್ರೆ ಮರೆ ಎಲ್ಲಿ ಬಂತು? ಇಲ್ಲೇ ಇರ್ಲಿ. ಬೇರೆ ಎಲ್ಲಿಡೋದು ಗೊತ್ತಾಗ್ತಿಲ್ಲ."

ಅಧಿಕಾರಿ ಅಲ್ಲಾಡಿಸಿ ಕೇಳಿದರು, ಕೆಂಪು ದಾರವನ್ನು ಚಿಮಟದಿಂದ ಎಳೆದು ನೋಡಿದರು, ತಲೆದೂಗಿದರು. ಡಬ್ಬಿಗೆ ಹಾಕುವ ಮೊದಲು ಭಾವ ಕಪ್ಪೆಯನ್ನು ಅಂಗೈ ಮೇಲಿಟ್ಟುಕೊಂಡರು. ಕೈ ಮೇಲೆದ್ದಿತು. ಎಸೆಯಲಿಲ್ಲ, ಹಾಗೆಯೇ ಇಳಿಸಿ ಡಬ್ಬಿಯಲ್ಲಿ ಮಲಗಿಸಿದರು. ಪರೀಕ್ಷೆಯಿಲ್ಲದೆ ಆ ಮನೆ ಬಿಟ್ಟ ಕಪ್ಪೆ ಅದೊಂದೇ.

ನೌಕೆ ಹೊರಟದ್ದು ಒಂದು ಮಧ್ಯಾಹ್ನ. ಮುಂಗೋಣೆಯ ಮೇಜಿನ ಮೇಲೆ, ತುಂಡುಬಟ್ಟೆಗಳ ನಡುವೆ ಟೀವಿ ಇಟ್ಟಿದ್ದೆವು; ಬೀದಿಯವರೆಲ್ಲ ಕಿಟಕಿಗೆ ಮುಖವೊತ್ತಿ ನಿಂತಿದ್ದರು. ಗುಡುಗು, ಬೆಂಕಿ, ಹೊಗೆ; ಆಮೇಲೆ ಒಳಗಿನ ದೃಶ್ಯ. ಶಿರಸ್ತ್ರಾಣದೊಳಗೆ ನಮ್ಮ ಹುಡುಗಿಯ ಮುಖ, ಅದರೆದುರು ದಾರ ಬಿಗಿದು ನೇತಾಡುವ ಹಸಿರು ಕಪ್ಪೆ. ಅದರ ಭಾರವೆಲ್ಲ ತಮ್ಮ ತೋಳಿನಲ್ಲೇ ಇರುವಂತೆ ಭಾವ ಮುಷ್ಟಿ ಬಿಗಿದು ನಿಂತಿದ್ದರು. ಸದ್ದು ನಿಂತಿತು. ದಾರ ಬಳ್ಳಿಯಂತೆ ಬಾಗಿತು. ಕಪ್ಪೆ ಅನುಮಾನದಿಂದಲೇ ಎಂಬಂತೆ ಒಂದಿಷ್ಟು ಮೇಲೆ ಬಂದು, ಮೆಲ್ಲಗೆ ತಿರುಗಿ, ಜಗತ್ತಿನ ಎದುರಿಗೆ ತನ್ನ ತಳವನ್ನು ತೋರಿಸಿತು: ಚಪ್ಪಟೆ ತಳ, ಹೊಲಿದ ಬಾಯಿ, ಕೆಂಪು ಗುರುತು. ಸರಕಿನ ಹಿಂಬದಿಯನ್ನು ಗಿರಾಕಿಗೆ ತೋರದಿರುವುದೇ ನನ್ನ ಜೀವಮಾನದ ವಿದ್ಯೆ. ನಾಚಿಕೆಯಿಂದ ತಲೆ ತಗ್ಗಿಸಬೇಕೋ ಏನೋ ತಿಳಿಯದೆ ನೋಡುತ್ತಲೇ ಇದ್ದೆ. ಅಷ್ಟು ದೂರದಿಂದ ಅವಳ ನಗು ಕೇಳಿಸಿತು. "ತೇಲ್ತಿದೆ" ಎಂದಳು, ಯಾರಿಗೋ ಅಲ್ಲ, ತನಗೇ.

ಭಾವ ಕುರ್ಚಿಯನ್ನು ಮಗುಚಿ ನೋಡದೆ ಅದರಲ್ಲಿ ಕುಸಿದರು.

"ಕೂತಿದೆ ಕಣಯ್ಯ" ಎಂದರು. "ಯಾವುದರ ಮೇಲೆ ಅಂತ ಗೊತ್ತಾಗ್ತಿಲ್ಲ."

ನಾನು ನೋಡಿದೆ. ಹೌದು, ಕಾಲು ಮಡಿಚಿ, ಬೆನ್ನು ನೆಟ್ಟಗಿಟ್ಟು, ಏನೂ ಇಲ್ಲದ ಕಡೆ ಅದು ಕೂತಿತ್ತು.

ಕೆಲವು ದಿನ ಬಿಟ್ಟು ಹೋದಾಗ ಭಾವ ಕೋಟು ತೊಟ್ಟು ಮೇಜಿನ ಮುಂದಿದ್ದರು, ಕೈಯಲ್ಲಿ ಅರ್ಧ ಕಪ್ಪೆ. ಅದೇ ಕೊನೆಯದಾಗಿತ್ತಲ್ಲ ಎಂದೆ. "ಅದು ಹೇಗೆ ಕೂತ್ಕೊಳ್ತು ಅಂತ ಗೊತ್ತಾಗ್ಲಿಲ್ಲ. ಇನ್ನೊಂದು ಮಾಡಿ ನೋಡ್ತೀನಿ" ಎಂದರು. ಅಕ್ಕ ಅವರ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ನನ್ನ ಮುಖ ನೋಡಿ, "ಬಂದ್ಯಲ್ಲ, ಕಣ್ಣು ನೆಟ್ಟಗಿದೆಯಲ್ಲ ನಿಂಗೆ? ಹಿಡ್ಕೋ ಇದನ್ನ" ಎಂದು ನನಗೂ ಒಂದು ಸೂಜಿ ಕೊಟ್ಟಳು.

ಗೊಂದಲವೆಂಬುದು ನಮ್ಮಂಥವರಿಗೆ ಬಾಗಿಲಲ್ಲಿ ನಿಂತ ಭಿಕ್ಷುಕ. ಏನಾದರೂ ಕೊಟ್ಟು ಸಾಗಹಾಕಿದರೆ ಸಾಕು, ಕೊಟ್ಟದ್ದು ಸರಿಯೋ ತಪ್ಪೋ ಯಾರು ನೋಡುತ್ತಾರೆ. ಭಾವನಂಥವರು ಅದನ್ನು ಒಳಗೆ ಕರೆದು, ಎದುರು ಕೂರಿಸಿಕೊಂಡು, ಅದು ತಾನಾಗಿ ಮಾತಾಡುವವರೆಗೂ ಮುಖ ನೋಡುತ್ತಾ ಇರುತ್ತಾರೆ. ಅಂಥವರ ಮನೆಯಲ್ಲಿ ಕೆಲಸ ನಿಧಾನ, ಧೂಳು ಹೆಚ್ಚು, ಹೆಂಡತಿಗೆ ತಾಳ್ಮೆ ಇರಲೇಬೇಕು. ಅವರಿಂದ ಹೊರಟ ವಸ್ತುವನ್ನು ಮಾತ್ರ ಯಾವ ಕಡೆಯಿಂದ ತಿರುಗಿಸಿದರೂ ಅಡ್ಡಿಯಿಲ್ಲ.

ನನ್ನ ಅಂಗಡಿಯಲ್ಲಿ ಈಗ ಗಿರಾಕಿ ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ, ಬಟ್ಟೆಯ ಎರಡೂ ಬದಿ ಬಿಚ್ಚಿಟ್ಟು, "ಗೊತ್ತಾಗ್ತಿಲ್ಲ" ಎನ್ನುತ್ತೇನೆ. ಅವನ ಜೊತೆ ನಾನೂ ನಿಂತು ನೋಡುತ್ತೇನೆ. ಇದನ್ನು ನಾನು ಕಲಿತದ್ದು ಭಾವನಿಂದ.